ವಿಮರ್ಶಕರ ಕೈಯಲ್ಲಿದ್ದದ್ದು ಯಾವ ಪುಸ್ತಕ?

ಪ್ರೀತಿಯ ತಂಗಿ,

ನೀನು ಕಳಿಸಿದ ಪಟ್ಟಿ ಪೂರ್ತಿ ಓದಿದೆ. ಹರ್ಮನ್ ಮೆಲ್ವಿಲ್ ಬರೆದ, ತಿಮಿಂಗಿಲ ಬೇಟೆಯ ಹಡಗಿನ ಕಥೆ ಹೇಳುವ 'ಮೊಬಿ ಡಿಕ್' ಕಾದಂಬರಿ ಬಗ್ಗೆ ದೊಡ್ಡ ಲೇಖನ ಬರೆಯಬೇಕು, ಅದಕ್ಕೂ ಮೊದಲು ಬಂದಿರುವ ವಿಮರ್ಶೆಗಳನ್ನು ಓದಿ ಟಿಪ್ಪಣಿ ಸಹಿತ ಗ್ರಂಥಸೂಚಿ (ಓದಿದ ಒಂದೊಂದು ಬರಹದ ಕೆಳಗೂ ಕಿರು ಟಿಪ್ಪಣಿ ಇರುವ ಪಟ್ಟಿ) ಮಾಡಿಕೊಳ್ಳಬೇಕು ಅಂತ ಹೊರಟಿದ್ದೀಯಲ್ಲ, ಅದೇ ನನಗೆ ತುಂಬಾ ಖುಷಿ ಕೊಟ್ಟಿತು. ಎಷ್ಟೋ ಜನ ಮೊದಲು ಲೇಖನ ಬರೆದು ಮುಗಿಸುತ್ತಾರೆ. ಆಮೇಲೆ ಕೊನೆಗೆ ಸೇರಿಸಲು ನಾಲ್ಕು ಪುಸ್ತಕಗಳ ಹೆಸರು ಹುಡುಕುತ್ತಾರೆ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ನಿನ್ನ ಟಿಪ್ಪಣಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇವೆ. 'ಈ ಲೇಖನ ಕಾದಂಬರಿಯ ಸಂಕೇತಗಳನ್ನು ಚೆನ್ನಾಗಿ ವಿಶ್ಲೇಷಿಸುತ್ತದೆ' ಅಂತ ಒಂದು ಕಡೆ. 'ಮೆಲ್ವಿಲ್ ಬಗ್ಗೆ ಉಪಯುಕ್ತ ಮಾಹಿತಿ ಇದೆ' ಅಂತ ಇನ್ನೊಂದು ಕಡೆ. ಮೇಲಿನ ಹೆಸರು ಮುಚ್ಚಿಟ್ಟು ಓದಿ ನೋಡು, ಯಾವ ಟಿಪ್ಪಣಿ ಯಾವ ಪುಸ್ತಕದ್ದು ಅಂತ ನಿನಗೇ ಹೇಳಲು ಆಗುವುದಿಲ್ಲ. ಆರು ತಿಂಗಳು ಬಿಟ್ಟು ಲೇಖನಕ್ಕೆ ಕೂತಾಗ ಎಲ್ಲವನ್ನೂ ಮತ್ತೆ ಮೊದಲಿಂದ ಓದಬೇಕಾಗುತ್ತದೆ. ಅಷ್ಟೆಲ್ಲ ಕಷ್ಟಪಟ್ಟು ಓದಿ ಹಾಗಾಗಬಾರದು, ಅಲ್ವಾ?

ನನ್ನ ಪ್ರಕಾರ ಒಳ್ಳೆಯ ಟಿಪ್ಪಣಿ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ. ಈ ವಿಮರ್ಶಕರ ಕೈಯಲ್ಲಿ ಇದ್ದದ್ದು ಯಾವ ಪುಸ್ತಕ? ಕಾದಂಬರಿಯ ಯಾವ ಮುದ್ರಣ, ಯಾವ ಕಾಲದಲ್ಲಿ, ಯಾವ ಪರಿಸ್ಥಿತಿಯಲ್ಲಿ ಓದಿದ್ದು? ಇದು ಗೊತ್ತಾದರೆ ಅವರು ಯಾಕೆ ಹಾಗೆ ಬರೆದರು ಅನ್ನುವುದು ಅರ್ಧ ಅರ್ಥವಾಗುತ್ತದೆ. ಇದು ನಿನಗೆ ಅತಿಯಾಯಿತು ಅನಿಸಬಹುದು. ಆದರೆ ನೀನು ಆರಿಸಿಕೊಂಡಿರುವ ಕಾದಂಬರಿಯಲ್ಲಿ ಈ ಪ್ರಶ್ನೆ ಕೇಳದೆ ಒಂದು ಹೆಜ್ಜೆಯೂ ಇಡುವ ಹಾಗಿಲ್ಲ.

ನಿನ್ನ ಪಟ್ಟಿಯಲ್ಲಿ 1851ರಲ್ಲಿ ಲಂಡನ್ನಿನ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಬಂದ ವಿಮರ್ಶೆ ಇದೆ. ಅದಕ್ಕೆ ನೀನು ಬರೆದಿರುವುದು ಇಷ್ಟೇ: 'ಆ ಕಾಲದ ವಿಮರ್ಶಕರಿಗೆ ಕಾದಂಬರಿ ಅರ್ಥವಾಗಲಿಲ್ಲ.' ಸ್ವಲ್ಪ ನಿಧಾನವಾಗಿ ನೋಡೋಣ. ಈ ಕಾದಂಬರಿ ಮೊದಲು ಬಂದದ್ದು ಲಂಡನ್ನಿನಲ್ಲಿ, 1851ರ ಅಕ್ಟೋಬರ್‌ನಲ್ಲಿ. ರಿಚರ್ಡ್ ಬೆಂಟ್ಲಿ ಅನ್ನುವ ಪ್ರಕಾಶಕರು ಮೂರು ಸಂಪುಟಗಳಲ್ಲಿ 'ದಿ ವೇಲ್' ಅನ್ನುವ ಹೆಸರಲ್ಲಿ ಹೊರತಂದರು. ನ್ಯೂಯಾರ್ಕಿನಲ್ಲಿ ಹಾರ್ಪರ್ ಅಂಡ್ ಬ್ರದರ್ಸ್ ಅದನ್ನು ಪ್ರಕಟಿಸಿದ್ದು ನವೆಂಬರ್‌ನಲ್ಲಿ, 'ಮೊಬಿ ಡಿಕ್' ಅನ್ನುವ ಹೆಸರಲ್ಲಿ. ಎರಡೂ ಒಂದೇ ಪುಸ್ತಕ ಅಂದುಕೊಳ್ಳಬೇಡ. ಲಂಡನ್ ಮುದ್ರಣದಲ್ಲಿ ಧರ್ಮ, ರಾಜಮನೆತನ, ಲೈಂಗಿಕತೆಗೆ ಸಂಬಂಧಿಸಿದ ಹಲವು ಸಾಲುಗಳನ್ನು ಕತ್ತರಿಸಿದ್ದರು ಅಥವಾ ತಿದ್ದಿದ್ದರು. ಮೊದಲಲ್ಲಿ ಬರಬೇಕಿದ್ದ ತಿಮಿಂಗಿಲದ ಕುರಿತ ಉಲ್ಲೇಖಗಳು ಮೂರನೇ ಸಂಪುಟದ ಕೊನೆಗೆ ಹೋಗಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಉಪಸಂಹಾರವೇ ಇರಲಿಲ್ಲ.

ಆ ಉಪಸಂಹಾರದಲ್ಲಿ ಏನಿದೆ ಅಂತ ನಿನಗೆ ಗೊತ್ತು. ಹಡಗು ಮುಳುಗಿದ ಮೇಲೆ ಕಥೆ ಹೇಳುವ ಇಷ್ಮಾಯಿಲ್ ಒಬ್ಬನೇ ಗೆಳೆಯ ಕ್ವೀಕ್ವೆಗ್‌ಗಾಗಿ ಮಾಡಿದ್ದ ಶವಪೆಟ್ಟಿಗೆ ಹಿಡಿದು ತೇಲುತ್ತಾನೆ, ರೇಚೆಲ್ ಅನ್ನುವ ಹಡಗು ಅವನನ್ನು ಎತ್ತಿಕೊಳ್ಳುತ್ತದೆ. ಅದೊಂದು ಪುಟ ಇಲ್ಲದಿದ್ದರೆ ಎಲ್ಲರೂ ಸತ್ತರು ಅಂತಲೇ ಓದುಗ ತಿಳಿಯುತ್ತಾನೆ. ಕಥೆ ಹೇಳುತ್ತಿರುವವನೂ ಸತ್ತ! ಸ್ಪೆಕ್ಟೇಟರ್ ವಿಮರ್ಶಕರು ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು. ಗಣಿಯೊಳಗೆ ಕೆಲಸಗಾರರೆಲ್ಲ ಸತ್ತುಹೋದರೆ ಅವರು ಒಳಗೆ ಏನು ಮಾತಾಡಿಕೊಂಡರು ಅಂತ ಕಾದಂಬರಿಕಾರ ಬರೆಯಬಾರದು, ಅದು ಹೊರಗೆ ಗೊತ್ತಾಗುವುದು ಹೇಗೆ ಅನ್ನುವುದು ಅವರ ವಾದ. ತಮ್ಮ ಮುಂದೆ ಇದ್ದ ಪುಸ್ತಕದ ಮಟ್ಟಿಗೆ ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಲಂಡನ್ನಿನ 'ಅಥೆನಿಯಮ್' ಪತ್ರಿಕೆಗೂ ಅದೇ ವಾರ ಕೊನೆಯ ದುರಂತ ಅವಸರದಲ್ಲಿ ಮುಗಿಸಿದ ಹಾಗೆ ಕಂಡಿತು. ಆಮೇಲೆ ಆಗಿದ್ದು ಇನ್ನೂ ಬೇಸರದ ಸಂಗತಿ. ಬಾಸ್ಟನ್ನಿನ ಪತ್ರಿಕೆಯೊಂದು ಅಥೆನಿಯಮ್ ಮಾತುಗಳನ್ನೇ ಎತ್ತಿ ಹಾಕಿತು. ಆದರೆ ಅಮೆರಿಕದಲ್ಲಿ ಮಾರಾಟಕ್ಕಿದ್ದ ಪುಸ್ತಕದಲ್ಲಿ ಉಪಸಂಹಾರ ಇತ್ತು. ಅಂದರೆ ಒಂದು ಪುಸ್ತಕದ ಮೇಲಿನ ತೀರ್ಪು ಇನ್ನೊಂದು ಪುಸ್ತಕಕ್ಕೆ ಬಂದು ಅಂಟಿಕೊಂಡಿತು.

ಇಷ್ಟು ಗೊತ್ತಾದ ಮೇಲೆ 'ಅವರಿಗೆ ಅರ್ಥವಾಗಲಿಲ್ಲ' ಅಂತ ಬರೆಯಲು ಮನಸ್ಸು ಬರುತ್ತದಾ? ಲಂಡನ್ನಿನ ಎಲ್ಲ ವಿಮರ್ಶೆಗಳೂ ಬೈದಿರಲಿಲ್ಲ ಅನ್ನುವುದೂ ನೆನಪಿರಲಿ, ಹೊಗಳಿದವರೂ ಇದ್ದರು. ಬ್ರಯನ್ ಹಿಗ್ಗಿನ್ಸ್ ಮತ್ತು ಹರ್ಷಲ್ ಪಾರ್ಕರ್ ಸಂಪಾದಿಸಿದ, ಮೆಲ್ವಿಲ್ ಬದುಕಿದ್ದಾಗಿನ ವಿಮರ್ಶೆಗಳ ದೊಡ್ಡ ಸಂಕಲನ 1995ರಲ್ಲಿ ಬಂದಿದೆ. ಅದನ್ನು ಹೇಗಾದರೂ ಹುಡುಕಿ ಓದು. ಬೇರೆಯವರು ಎತ್ತಿಕೊಟ್ಟ ಎರಡು ಸಾಲು ಓದುವುದಕ್ಕೂ ಪೂರ್ತಿ ವಿಮರ್ಶೆ ಓದುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇದೇ ಮಾತಿಗೆ ಸೇರಿದ ಇನ್ನೊಂದು ಕಥೆ ಹೇಳಿಬಿಡುತ್ತೇನೆ. ಎಫ್. ಓ. ಮ್ಯಾಥಿಸನ್ ಅವರ 'ಅಮೆರಿಕನ್ ರೆನೆಸಾನ್ಸ್' ನಿನ್ನ ಪಟ್ಟಿಯಲ್ಲಿದೆ. 1941ರ ಆ ಪುಸ್ತಕ ನಿಜಕ್ಕೂ ದೊಡ್ಡದು, ಅದನ್ನು ಬಿಟ್ಟು ಮೆಲ್ವಿಲ್ ಬಗ್ಗೆ ಮಾತಾಡುವುದೇ ಕಷ್ಟ. ಅದರಲ್ಲಿ ಅವರು ಮೆಲ್ವಿಲ್‌ನ ಇನ್ನೊಂದು ಕಾದಂಬರಿ 'ವೈಟ್ ಜಾಕೆಟ್'ನ ಒಂದು ಸಾಲನ್ನು ಎತ್ತಿಕೊಂಡು, ಸಮುದ್ರದ 'ಕೊಳೆಯಾದ ಮೀನು' ಅನ್ನುವ ಮಾತಿನ ಬೆರಗನ್ನು ಬಹಳ ಹೊಗಳುತ್ತಾರೆ. ಮೆಲ್ವಿಲ್ ಬಿಟ್ಟು ಬೇರೆ ಯಾರಿಂದಲೂ ಇಂಥ ಮಾತು ಹುಟ್ಟಲಾರದು ಅನ್ನುವ ರೀತಿಯಲ್ಲಿ. ಆದರೆ ಮೆಲ್ವಿಲ್ ಬರೆದದ್ದು 'ಸುರುಳಿ ಸುತ್ತಿಕೊಂಡ ಮೀನು' ಅಂತ! ಇಂಗ್ಲಿಷಿನಲ್ಲಿ ಈ ಎರಡು ಪದಗಳ ನಡುವೆ ಇರುವುದು ಒಂದೇ ಅಕ್ಷರದ ಅಂತರ. ಮ್ಯಾಥಿಸನ್ ಬಳಸಿದ ಮುದ್ರಣದಲ್ಲಿ ಅಚ್ಚುಮೊಳೆ ಜೋಡಿಸಿದವರು ಆ ಅಕ್ಷರವನ್ನು ತಪ್ಪಾಗಿ ಹಾಕಿದ್ದರು. 1949ರಲ್ಲಿ ಒಬ್ಬ ವಿದ್ವಾಂಸರು ಇದನ್ನು ತೋರಿಸಿಕೊಟ್ಟರು. ಮ್ಯಾಥಿಸನ್ ಅವರ ಪುಸ್ತಕದ ಬೆಲೆ ಇದರಿಂದ ಕಡಿಮೆಯಾಗಲಿಲ್ಲ. ಆದರೆ ನೀನು ಆ ಪುಟವನ್ನು ಉದ್ಧರಿಸುವುದಾದರೆ ಈ ವಿಷಯ ನಿನ್ನ ಟಿಪ್ಪಣಿಯಲ್ಲಿ ಇರಲೇಬೇಕು.

ಹಾಗಾಗಿ ನೀನು ಯಾವ ಮುದ್ರಣ ಓದುತ್ತೀಯ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೋ. ಎಲ್ಲಿಂದಲೋ ಇಳಿಸಿಕೊಂಡ ಫೈಲು ಸುಮ್ನೆ ಓದಿ ಖುಷಿಪಡಲು ಸಾಕು, ಪುಟಸಂಖ್ಯೆ ಕೊಟ್ಟು ಬರೆಯಲು ಸಾಲದು. ನಾರ್ತ್‌ವೆಸ್ಟರ್ನ್–ನ್ಯೂಬೆರಿ ಆವೃತ್ತಿ 1988ರಲ್ಲಿ ಬಂತು. ಮುದ್ರಣದಿಂದ ಮುದ್ರಣಕ್ಕೆ ಬದಲಾದ ಪಾಠಾಂತರಗಳೆಲ್ಲ ಅದರಲ್ಲಿ ಪಟ್ಟಿಯಾಗಿವೆ. ಅದು ಕೈಗೆ ಸಿಗದಿದ್ದರೆ ನಾರ್ಟನ್ ಕ್ರಿಟಿಕಲ್ ಆವೃತ್ತಿ ತೆಗೆದುಕೋ. 1967ರಲ್ಲಿ ಮೊದಲ ಸಲ ಬಂದ ಇದರಲ್ಲಿ ಕಾದಂಬರಿಯ ಜೊತೆಗೆ ಆಯ್ದ ವಿಮರ್ಶೆಗಳೂ ಇರುತ್ತವೆ. ಮುನ್ನುಡಿಯನ್ನು ಮಾತ್ರ ಕೊನೆಗೆ ಓದು. ಮೊದಲು 135 ಅಧ್ಯಾಯಗಳನ್ನೂ ನೀನೇ ಓದಿ ಮುಗಿಸು. ತಿಮಿಂಗಿಲಗಳ ವರ್ಗೀಕರಣ ಇರುವ 32ನೇ ಅಧ್ಯಾಯವನ್ನು ಹಾರಿಸಬೇಡ, ಎಲ್ಲರೂ ಹಾರಿಸುವುದು ಅದನ್ನೇ. ಎಲ್ಲಿ ಬೇಜಾರಾಯಿತು, ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಏನೂ ತಿಳಿಯಲಿಲ್ಲ ಅಂತ ಬರೆದಿಡು. ಆ ಪ್ರಶ್ನೆಗಳು ನಿನ್ನ ಸ್ವಂತದ್ದು. ಅವು ಕೈಯಲ್ಲಿ ಇಲ್ಲದೆ ವಿಮರ್ಶೆಗೆ ಹೋದರೆ ಮೊದಲು ಸಿಕ್ಕ ದೊಡ್ಡ ಹೆಸರಿನ ಹಿಂದೆಯೇ ಹೋಗಿಬಿಡುತ್ತೀಯ. ನೀನು ಬರೆಯುವವಳು. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೇಜಾರಾದ ಜಾಗಗಳನ್ನು ಕಡೆಗಣಿಸಬೇಡ. 32ನೇ ಅಧ್ಯಾಯ ಯಾಕಾದರೂ ಇದೆಯೋ ಅನಿಸಿತು ಅಂತ ಇಟ್ಟುಕೋ. ಹವರ್ಡ್ ವಿನ್ಸೆಂಟ್ 1949ರಲ್ಲಿ ಬರೆದ ಪುಸ್ತಕ ನಿನ್ನನ್ನು ಅಲ್ಲಿಗೇ ವಾಪಸ್ ಕರೆದುಕೊಂಡು ಹೋಗುತ್ತದೆ. ಮೆಲ್ವಿಲ್ ತಿಮಿಂಗಿಲ ಬೇಟೆಯ ಯಾವ ಯಾವ ಪುಸ್ತಕಗಳಿಂದ ಏನೇನು ತೆಗೆದುಕೊಂಡ, ಥಾಮಸ್ ಬೀಲ್ ಬರೆದ ತಿಮಿಂಗಿಲದ ಪುಸ್ತಕದ ಒಣ ಮಾಹಿತಿಯನ್ನು ಹೇಗೆ ತನ್ನದಾಗಿ ಮಾಡಿಕೊಂಡ ಅಂತ ಅದರಲ್ಲಿ ಬಿಡಿಸಿ ತೋರಿಸಿದ್ದಾರೆ. ಚಾರ್ಲ್ಸ್ ಓಲ್ಸನ್ ಹೋದ ದಾರಿ ಬೇರೆ. ಮೆಲ್ವಿಲ್ ಓದಿ ಗುರುತು ಹಾಕಿದ್ದ ಶೇಕ್ಸ್‌ಪಿಯರ್ ಸಂಪುಟಗಳನ್ನು ಅವರು ನೋಡಿದ್ದರು. ಅವರ ಪುಟ್ಟ ಪುಸ್ತಕ 'ಕಾಲ್ ಮಿ ಇಷ್ಮಾಯಿಲ್' 1947ರದ್ದು. ಒಬ್ಬ ಬರಹಗಾರ ಇನ್ನೊಬ್ಬ ಬರಹಗಾರನನ್ನು ಹೇಗೆ ಓದುತ್ತಾನೆ ಅಂತ ನೋಡಬೇಕಾದರೆ ಇದನ್ನು ಓದು. ನನಗೆ ಈ ಪುಸ್ತಕದ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ.

ಈಗ ಕಾಲದ ಮಾತು. ನಿನ್ನ ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಇದೆ. ಕೊನೆಯಲ್ಲಿ ಒಪ್ಪಿಸುವಾಗ ಹಾಗೇ ಇರಬೇಕು, ನಿಯಮ ಹಾಗಿದೆ. ಆದರೆ ನಿನಗೋಸ್ಕರ ಇನ್ನೊಂದು ಪ್ರತಿಯನ್ನು ವರ್ಷದ ಪ್ರಕಾರ ಜೋಡಿಸಿ ನೋಡು. ಅಕ್ಷರಕ್ರಮದಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. 1851ರ ಸುತ್ತ ಒಂದಷ್ಟು ವಿಮರ್ಶೆಗಳು, ಆಮೇಲೆ ಬಹಳ ವರ್ಷ ಹೆಚ್ಚೇನೂ ಇಲ್ಲ. 1891ರಲ್ಲಿ ಮೆಲ್ವಿಲ್ ತೀರಿಕೊಂಡಾಗ ಓದುಗರು ಅವನನ್ನು ಬಹುಮಟ್ಟಿಗೆ ಮರೆತಿದ್ದರು. 1919ರಲ್ಲಿ ಜನ್ಮಶತಾಬ್ದಿ ಬರುತ್ತದೆ, 1921ರಲ್ಲಿ ರೇಮಂಡ್ ವೀವರ್ ಬರೆದ ಜೀವನಚರಿತ್ರೆ, 1923ರಲ್ಲಿ ಡಿ. ಎಚ್. ಲಾರೆನ್ಸ್ ಪ್ರಬಂಧಗಳು, 1927ರಲ್ಲಿ ಇ. ಎಂ. ಫಾರ್ಸ್ಟರ್, 1929ರಲ್ಲಿ ಲೂಯಿಸ್ ಮಮ್‌ಫರ್ಡ್. ಅಲ್ಲಿಂದ ಮುಂದೆ ಪ್ರವಾಹವೇ. ಇದನ್ನು ನೋಡಿದ ತಕ್ಷಣ ನಿನಗೊಂದು ಪ್ರಶ್ನೆ ಹುಟ್ಟಬೇಕು. ಮೊದಲ ಮಹಾಯುದ್ಧ ಮುಗಿದ ಕೂಡಲೇ ಈ ಪುಸ್ತಕ ಜನರಿಗೆ ಯಾಕೆ ಬೇಕಾಯಿತು? ಉತ್ತರ ನಾನು ಹೇಳುವುದಿಲ್ಲ. ಲಾರೆನ್ಸ್ ಪ್ರಬಂಧ ಓದಿಕೊಂಡು ನೀನೇ ಯೋಚಿಸು.

ಪರಿಸ್ಥಿತಿ ಅಂತ ಮೊದಲೇ ಹೇಳಿದೆನಲ್ಲ, ಅದಕ್ಕೆ ಸಿ. ಎಲ್. ಆರ್. ಜೇಮ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಟ್ರಿನಿಡಾಡ್‌ನಲ್ಲಿ ಹುಟ್ಟಿದ ಜೇಮ್ಸ್ ಅವರನ್ನು 1952ರಲ್ಲಿ ಅಮೆರಿಕ ಸರ್ಕಾರ ಎಲ್ಲಿಸ್ ದ್ವೀಪದಲ್ಲಿ ಕೂಡಿಹಾಕಿತ್ತು. ದೇಶದಿಂದ ಹೊರಗೆ ಹಾಕುವ ಮಾತು ನಡೆದಿತ್ತು. ಅಲ್ಲೇ ಕೂತು ಅವರು ಮೆಲ್ವಿಲ್ ಬಗ್ಗೆ ಪುಸ್ತಕ ಬರೆದರು, 1953ರಲ್ಲಿ ಅದು ಬಂತು. ಹಡಗಿನ ಕಪ್ತಾನ ಏಹಬ್‌ನಲ್ಲಿ ಅವರು ಕಂಡದ್ದು ತಮ್ಮ ಕಾಲದ ಸರ್ವಾಧಿಕಾರಿಯನ್ನು. ಕಾದಂಬರಿಯ ನಿಜವಾದ ನಾಯಕರು ಹಡಗಿನ ಕೆಲಸಗಾರರು ಅನ್ನುವುದು ಅವರ ಓದು. ಕೊನೆಯ ಅಧ್ಯಾಯದಲ್ಲಿ ತಮ್ಮ ಬಂಧನದ ಕಥೆಯನ್ನೇ ಹೇಳುತ್ತಾರೆ. ಮುಂದೆ ಒಮ್ಮೆ ಪುಸ್ತಕ ಮರುಮುದ್ರಣವಾದಾಗ ಆ ಅಧ್ಯಾಯವನ್ನು ಬಿಟ್ಟಿದ್ದರು, 2001ರ ಮುದ್ರಣದಲ್ಲಿ ಅದು ಮರಳಿ ಬಂತು. ನೋಡು, ಕಾದಂಬರಿಗೆ ಆದದ್ದೇ ವಿಮರ್ಶೆಗೂ ಆಯಿತು. ಕೊನೆಯ ಅಧ್ಯಾಯ ಇಲ್ಲದ ಪ್ರತಿ ಓದಿದವರಿಗೆ ಅದೊಂದು ವಿಮರ್ಶಾ ಗ್ರಂಥ. ಇರುವ ಪ್ರತಿ ಓದಿದವರಿಗೆ, ಒಬ್ಬ ಮನುಷ್ಯ ತನ್ನನ್ನು ಹೊರಗೆ ಹಾಕಬೇಡಿ ಅಂತ ಒಂದು ದೇಶದ ಮುಂದೆ ಮಾಡಿಕೊಂಡ ಮನವಿಯೂ ಹೌದು. ನಿನ್ನ ಟಿಪ್ಪಣಿಯಲ್ಲಿ ನೀನು ಓದಿದ್ದು ಯಾವ ವರ್ಷದ ಮುದ್ರಣ ಅಂತ ಬರೆದೇ ಇಲ್ಲ. ಅದನ್ನು ಸರಿಮಾಡು.

ಹುಡುಕುವ ವಿಧಾನದ ಬಗ್ಗೆ ಕೇಳಿದ್ದೀಯ. ಇದಕ್ಕೆ ಜಾಸ್ತಿ ಹೇಳುವುದಿಲ್ಲ, ಮಾಡುತ್ತಾ ಮಾಡುತ್ತಾ ಬರುತ್ತದೆ. ಗ್ರಂಥಾಲಯದ ಮೂಲಕ ಎಂಎಲ್‌ಎ ಇಂಟರ್‌ನ್ಯಾಷನಲ್ ಬಿಬ್ಲಿಯಾಗ್ರಫಿ ಅನ್ನುವ ಸಾಹಿತ್ಯ ಅಧ್ಯಯನಗಳ ಸೂಚಿ ಸಿಗುವುದಾದರೆ ಅಲ್ಲಿಂದ ಶುರುಮಾಡು. ಇಲ್ಲದಿದ್ದರೆ ಗೂಗಲ್ ಸ್ಕಾಲರ್, ಜೆಸ್ಟೋರ್ ಸಾಕು. ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೆ ಪ್ರತಿ ತಿಂಗಳು ಒಂದಷ್ಟು ಲೇಖನ ಉಚಿತವಾಗಿ ಓದಬಹುದು. ಹಳೆಯ ಪುಸ್ತಕಗಳಿಗೆ ಹಾತಿಟ್ರಸ್ಟ್, ಇಂಟರ್ನೆಟ್ ಆರ್ಕೈವ್ ಇವೆ. ಮೆಲ್ವಿಲ್ ಸೊಸೈಟಿಯ ಪತ್ರಿಕೆ 'ಲೆವಿಯಾಥನ್' ಈಚಿನ ಚರ್ಚೆಗಳಿಗೆ ಒಳ್ಳೆಯ ಜಾಗ. ಶೀರ್ಷಿಕೆಯಲ್ಲಿ ಎರಡು ಪದಗಳ ನಡುವೆ ಅಡ್ಡಗೆರೆ ಇದೆ, ಕಾದಂಬರಿಯೊಳಗೆ ತಿಮಿಂಗಿಲದ ಹೆಸರಿಗೆ ಸಾಮಾನ್ಯವಾಗಿ ಇಲ್ಲ. ಎರಡೂ ರೀತಿ ಹಾಕಿ ಹುಡುಕು, 'ದಿ ವೇಲ್' ಅಂತಲೂ ಹುಡುಕು.

ಇದಕ್ಕಿಂತ ಒಳ್ಳೆಯ ದಾರಿ ಅಡಿಟಿಪ್ಪಣಿಗಳದ್ದು. ಅಮೆರಿಕದ ಕಾದಂಬರಿಗಾರ್ತಿ ಟೋನಿ ಮಾರಿಸನ್ 1988ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು, ಮರುವರ್ಷ ಅದು ಅಚ್ಚಾಯಿತು. 42ನೇ ಅಧ್ಯಾಯದಲ್ಲಿ ತಿಮಿಂಗಿಲದ ಬಿಳಿ ಬಣ್ಣದ ಬಗ್ಗೆ ಬರುವ ಆ ಭಯಂಕರ ಧ್ಯಾನವನ್ನು ಅವರು ಬಿಳಿ ಬಣ್ಣವೇ ಶ್ರೇಷ್ಠ ಅನ್ನುವ ಅಮೆರಿಕದ ಬಿಳಿಯರ ಸಿದ್ಧಾಂತದ ಜೊತೆ ಇಟ್ಟು ಓದುತ್ತಾರೆ. ಅದನ್ನು ಓದಿದ ಮೇಲೆ ಆ ಅಧ್ಯಾಯ ಮೊದಲಿನ ಹಾಗೆ ಕಾಣುವುದೇ ಇಲ್ಲ. ಅದೇ ಉಪನ್ಯಾಸದಲ್ಲಿ ಮಾರಿಸನ್ ಮೈಕೆಲ್ ರೋಗಿನ್ ಮೆಲ್ವಿಲ್ ಬಗ್ಗೆ ಬರೆದ 1983ರ ಪುಸ್ತಕವನ್ನು ನೆನೆಯುತ್ತಾರೆ. ರೋಗಿನ್ ಪುಸ್ತಕ ತೆರೆದರೆ ಅದು ಇನ್ನೂ ಹಿಂದಕ್ಕೆ ಕರೆದೊಯ್ಯುತ್ತದೆ. ಹಿಂದಕ್ಕೆ ಹೋಗಲು ಅಡಿಟಿಪ್ಪಣಿ, ಮುಂದಕ್ಕೆ ಬರಲು ಗೂಗಲ್ ಸ್ಕಾಲರ್‌ನಲ್ಲಿ ಆ ಕೃತಿಯನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಅಂತ ತೋರಿಸುವ ಕೊಂಡಿ. ಈ ಎರಡರಲ್ಲಿ ಓಡಾಡಿದರೆ ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಗ್ರಂಥಸೂಚಿಯ ಜೀವ ಇರುವುದು ಅಲ್ಲೇ.

ಚಾಟ್‌ಬಾಟ್ ಕೇಳಿ ಪಟ್ಟಿ ಮಾಡಬೇಡ. ಇಲ್ಲದ ಲೇಖನಕ್ಕೆ ಇರುವ ಪತ್ರಿಕೆಯ ಹೆಸರು, ಸಂಪುಟ, ಪುಟಸಂಖ್ಯೆ ಎಲ್ಲ ಹಾಕಿ ಕೊಡುತ್ತವೆ, ನೋಡಲು ಪಕ್ಕಾ ನಿಜದ ಹಾಗೇ ಇರುತ್ತದೆ. ನಿನ್ನ ಪಟ್ಟಿಯಲ್ಲೂ ಎರಡು ನಮೂದುಗಳ ಮೇಲೆ ನನಗೆ ಅನುಮಾನ ಇದೆ, ಗುರುತು ಹಾಕಿದ್ದೇನೆ. ನೀನು ಕಣ್ಣಾರೆ ತೆರೆದು ಓದದ ಯಾವುದೂ ಗ್ರಂಥಸೂಚಿಗೆ ಬರಬಾರದು. ಸಾರಾಂಶ ಮಾತ್ರ ಓದಿದ್ದರೆ ಅದಕ್ಕೆ ಬೇರೆ ಕಡತ ಇಟ್ಟುಕೋ. ಓದುವಾಗಲೇ ಪುಟಸಂಖ್ಯೆ ಬರೆದುಕೋ. ಅವರ ಮಾತಿಗೆ ಉದ್ಧರಣ ಚಿಹ್ನೆ ಹಾಕು, ಇಲ್ಲದಿದ್ದರೆ ಕೆಲವು ತಿಂಗಳಾದ ಮೇಲೆ ಅದು ನಿನ್ನದೇ ವಾಕ್ಯ ಅಂತ ನಿನಗೆ ಅನಿಸಿಬಿಡುತ್ತದೆ. ಝೊಟೆರೊ ಥರದ ಉಚಿತ ತಂತ್ರಾಂಶ ಇದಕ್ಕೆಲ್ಲ ಅನುಕೂಲ. ಆದರೆ ಅದು ಜೋಡಿಸಿಕೊಟ್ಟ ವಿವರವನ್ನೂ ಒಮ್ಮೆ ಮೂಲದ ಜೊತೆ ಹೋಲಿಸಿ ನೋಡು.

ಸ್ಪೆಕ್ಟೇಟರ್ ವಿಮರ್ಶೆಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

'ಲಂಡನ್ ಮುದ್ರಣ ಆಧರಿಸಿದ ವಿಮರ್ಶೆ. ಉಪಸಂಹಾರ ಇಲ್ಲದ ಪ್ರತಿ. ಎಲ್ಲರೂ ಸಾಯುವ ಕಥೆಯನ್ನು ಅದರೊಳಗಿನವನೊಬ್ಬ ಹೇಳುವುದು ಹೇಗೆ ಅನ್ನುವುದು ಒಂದು ಮುಖ್ಯ ಆಕ್ಷೇಪ. ನಿರೂಪಕನ ಬಗ್ಗೆ ಆ ಕಾಲದ ನಿರೀಕ್ಷೆ ಏನಿತ್ತು ಅಂತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಉಪಸಂಹಾರ ಸೇರಿಸಿದರೂ ಪ್ರಶ್ನೆ ಪೂರ್ತಿ ಬಗೆಹರಿಯುವುದಿಲ್ಲ. ಏಹಬ್ ಒಬ್ಬನೇ ಇದ್ದಾಗ ಆಡುವ ಮಾತುಗಳು ಇಷ್ಮಾಯಿಲ್‌ಗೆ ಹೇಗೆ ಗೊತ್ತು? ನನ್ನ ಲೇಖನದ ನಿರೂಪಣೆಯ ಭಾಗಕ್ಕೆ ಇದು ಬೇಕು. ಅಥೆನಿಯಮ್ ವಿಮರ್ಶೆಯ ಜೊತೆ ಓದಬೇಕು.'

ನೋಡು, ಇದರಲ್ಲಿ ಹೊಗಳಿಕೆ ಇಲ್ಲ, 'ಉಪಯುಕ್ತ' ಅನ್ನುವ ಪದ ಇಲ್ಲ. ಯಾವ ಪ್ರತಿ, ಏನು ವಾದ, ಎಲ್ಲಿ ನಿಲ್ಲುತ್ತದೆ, ನನಗೆ ಯಾವುದಕ್ಕೆ ಬೇಕು, ಇನ್ನು ಯಾರ ಜೊತೆ ಮಾತಾಡುತ್ತದೆ ಅನ್ನುವುದು ಇದೆ. ಸಾಮಾನ್ಯವಾಗಿ ಒಂದು ಟಿಪ್ಪಣಿಗೆ 100ರಿಂದ 200 ಪದ ಅಂತ ಹೇಳುತ್ತಾರೆ. ಇದಕ್ಕೆ ಅಷ್ಟೂ ಬೇಕಾಗಲಿಲ್ಲ. ಮ್ಯಾಥಿಸನ್‌ಗೆ ಇನ್ನೂ ಜಾಸ್ತಿ ಬೇಕಾಗಬಹುದು. ಎಲ್ಲ ಟಿಪ್ಪಣಿಗಳನ್ನೂ ಒಂದೇ ಉದ್ದಕ್ಕೆ ಎಳೆಯುವ ಹಟ ಬೇಡ.

ಒಪ್ಪದ ವಿಮರ್ಶಕರನ್ನು ಪಟ್ಟಿಯಿಂದ ತೆಗೆಯಬೇಡ. ಜೇಮ್ಸ್ ಓದು ನಿನಗೆ ಇಷ್ಟವಾಗಲಿಲ್ಲ, ಕಾದಂಬರಿಗೆ ರಾಜಕೀಯ ಹೇರಿದ್ದಾರೆ ಅಂತ ಪತ್ರದಲ್ಲಿ ಬರೆದಿದ್ದೀಯ. ಹಾಗಾದರೆ ಅದನ್ನೇ ಟಿಪ್ಪಣಿಯಲ್ಲಿ ಬರೆ, ಪುಟಸಂಖ್ಯೆ ಕೊಟ್ಟು, ಕಾದಂಬರಿಯ ಯಾವ ಜಾಗ ಅವರ ಮಾತಿಗೆ ಬಗ್ಗುವುದಿಲ್ಲ ಅಂತ ತೋರಿಸು. ಅದಕ್ಕೂ ಮೊದಲು ಅವರು ಹೇಳಿದ್ದನ್ನು ಅವರೇ ಓದಿದರೂ ಒಪ್ಪುವ ಹಾಗೆ ಎರಡು ಸಾಲಲ್ಲಿ ಹೇಳು. ಇದು ಕಷ್ಟ. ನಿನ್ನ ಲೇಖನದ ಒಳ್ಳೆಯ ಭಾಗ ಹುಟ್ಟುವುದು ಇಂಥ ಕಡೆಯೇ ಅಂತ ನನಗೆ ಅನಿಸುತ್ತದೆ.

ಈ ಕಾದಂಬರಿಯಲ್ಲೇ ವ್ಯಾಖ್ಯಾನದ ಬಗ್ಗೆ ಒಂದು ಅಧ್ಯಾಯ ಇದೆ, 99ನೆಯದು. ಹಡಗಿನ ಕಂಬಕ್ಕೆ ಮೊಳೆ ಹೊಡೆದು ಕೂರಿಸಿದ ಚಿನ್ನದ ನಾಣ್ಯವನ್ನು ಒಬ್ಬೊಬ್ಬರೇ ಬಂದು ನೋಡುತ್ತಾರೆ, ಒಬ್ಬೊಬ್ಬರಿಗೂ ಒಂದೊಂದು ಕಾಣುತ್ತದೆ. ಏಹಬ್‌ಗೆ ಅದರಲ್ಲಿ ಕಾಣುವುದೆಲ್ಲ ಏಹಬ್ಬೇ. ಹಡಗಿನ ಅಧಿಕಾರಿ ಫ್ಲಾಸ್ಕ್‌ಗೆ ಅದರಿಂದ ಎಷ್ಟು ಚುಟ್ಟಾ ಕೊಳ್ಳಬಹುದು ಅನ್ನುವ ಲೆಕ್ಕ. ಇದನ್ನು ಹಿಡಿದುಕೊಂಡು 'ಯಾರು ಏನು ಬೇಕಾದರೂ ಓದಬಹುದು' ಅನ್ನುವ ಕಡೆ ಹೋಗುವುದು ಸುಲಭ, ನಿನ್ನ ಕರಡಿನಲ್ಲಿ ಆ ವಾಕ್ಯ ಇದೆ. ನಾನು ಒಪ್ಪುವುದಿಲ್ಲ. ನಾಣ್ಯದ ಮೇಲೆ ಏನೇನು ಅಚ್ಚಾಗಿದೆ ಅಂತ ಮೆಲ್ವಿಲ್ ಮೊದಲೇ ಬಹಳ ವಿವರವಾಗಿ ಹೇಳಿರುತ್ತಾನೆ. ಮೂರು ಶಿಖರಗಳು, ಜ್ವಾಲೆ, ಗೋಪುರ, ಹುಂಜ. ಯಾರು ಯಾವುದನ್ನು ನೋಡಿದರು, ಯಾವುದನ್ನು ಬಿಟ್ಟರು ಅಂತ ನಾವು ಪರೀಕ್ಷೆ ಮಾಡಬಹುದು. ವಿಮರ್ಶಕರನ್ನೂ ಹಾಗೇ ಪರೀಕ್ಷಿಸು, ಅವರು ಬಿಟ್ಟದ್ದನ್ನೂ ಟಿಪ್ಪಣಿಯಲ್ಲಿ ಹೇಳು.

ಸದ್ಯಕ್ಕೆ ಪಟ್ಟಿಯನ್ನು ಇನ್ನೂ ಉದ್ದ ಮಾಡಬೇಡ. ಈಗಿರುವುದರಲ್ಲೇ ಅರ್ಧ ತೆಗೆದರೂ ನಷ್ಟವಿಲ್ಲ, ಪರೀಕ್ಷೆಗೆ ಓದುವವರ ಕೈಪಿಡಿಗಳು ಮೊದಲು ಹೋಗಲಿ. ಉಳಿದವುಗಳಲ್ಲಿ ಜೇಮ್ಸ್, ಮ್ಯಾಥಿಸನ್, ಮಾರಿಸನ್ ಮೂವರ ಟಿಪ್ಪಣಿಗಳನ್ನು ಹೊಸದಾಗಿ ಬರೆದು ಕಳಿಸು. ಮುದ್ರಣದ ವರ್ಷ ಮರೆಯಬೇಡ. ಓದಿ ಅಂಚಿನಲ್ಲಿ ನನಗೆ ಅನಿಸಿದ್ದು ಬರೆದು ಕಳಿಸುತ್ತೇನೆ, ಆಮೇಲೆ ಲೇಖನದ ಮೊದಲ ಭಾಗದ ಬಗ್ಗೆ ಮಾತಾಡೋಣ.

ಪ್ರೀತಿಯಿಂದ,
ನಿನ್ನ ಅಕ್ಕ